ಸವಣೂರು ಎಲೆಯ ನಾಲ್ಕನೇ ಗ್ಲಾಸು

ನಮ್ಮ ಪಕ್ಕದ ಮನೆಯ ಶಂಭುಲಿಂಗನಿಗೆ ಬಿಪಿ ಇಲ್ಲ, ಶುಗರ್ ಇಲ್ಲ, ಮಂಡಿನೋವೂ ಇಲ್ಲ. ಇರುವುದು ಒಂದೇ ರೋಗ. 'ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಂದ ಹೊರಡುವುದಿಲ್ಲ.

ಶಿಗ್ಗಾಂವದ ಎಪಿಎಂಸಿಯಲ್ಲಿ ಒಬ್ಬ ಅಡತಿ ವ್ಯಾಪಾರಿಯ ಹತ್ತಿರ ಅವನು ದಿವಾನಜಿ, ಅಂದರೆ ಲೆಕ್ಕ ಬರೆಯುವವ. ಜೋಳ, ಗೋವಿನಜೋಳದ ವಿಷಯ ಕೇಳಿದರೆ ಸರಿಯಾಗಿಯೇ ಹೇಳುತ್ತಾನೆ. ಆದರೆ ಜನ ಜೋಳದ ವಿಷಯ ಮಾತ್ರ ಕೇಳುತ್ತಾರೆಯೇ? ಹೋದ ವರ್ಷ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿದ ಒಬ್ಬರು ಹತ್ತಿರದ ಬಾಡ ಗ್ರಾಮಕ್ಕೆ ದಾರಿ ಕೇಳಿದರು. ಶಂಭುಲಿಂಗ ಎರಡೂ ಕೈ ಬೀಸಿ ಎಡ, ಬಲ, ಮತ್ತೆ ಎಡ ಎಂದು ವಿವರಿಸಿದ. ಆ ಕಾರು ಸಂಜೆ ಹಾನಗಲ್ಲಿನಲ್ಲಿ ಸಿಕ್ಕಿತಂತೆ. ನಾನು ಹಿರೇಕೆರೂರು ರೂಟಿನಲ್ಲಿ ಕಂಡಕ್ಟರ್ ಆಗಿ ಸವೆದು ರಿಟೈರ್ ಆದವನು. ಅವನ ಪಕ್ಕದಲ್ಲೇ ನಿಂತಿದ್ದೆ. ದಾರಿ ನನ್ನನ್ನು ಕೇಳಬಹುದಿತ್ತು. ಯಾರೂ ಕೇಳಲಿಲ್ಲ, ಹೋಗಲಿ ಬಿಡಿ.

ಈ ರೋಗ ಉಲ್ಬಣಿಸಿದ್ದು ಚಿಕ್ಕೇರೂರಿನ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ಶಂಭುಲಿಂಗನ ಎದುರಿಗೆ ಅವನ ಷಡ್ಡಕ ಪರಮೇಶಪ್ಪ ಕುಳಿತಿದ್ದರು. ಇವನ ಹೆಂಡತಿ ನೀಲವ್ವನ ಅಕ್ಕನನ್ನು ಮದುವೆಯಾದವರು. ಹೊಲ, ಗೋದಾಮು, ಎರಡು ಟ್ರ್ಯಾಕ್ಟರ್ ಎಲ್ಲ ಇದ್ದವರು. ಅಷ್ಟು ಸಾಲದೆ ಶಿಗ್ಗಾಂವದ ಹೊರಗೆ ಹೆದ್ದಾರಿಯ ಪಕ್ಕ ಬೀರು ಕುದಿಸುವ ಒಂದು ಸಣ್ಣ ಕಾರ್ಖಾನೆ ಹಾಕಿದ್ದರು. ಅಲ್ಲಿಯೇ ಕುದಿಸಿ, ಅಲ್ಲಿಯೇ ಹುಳಿ ಬರಿಸಿ, ಅಲ್ಲಿಯೇ ಕುಡಿಸುವ ಪದ್ಧತಿಯಂತೆ.

"ನಿನಗ ಅದೆಲ್ಲಾ ತಿಳಿಯಂಗಿಲ್ಲ ಬಿಡೋ ಶಂಭು," ಎಂದರು ಪರಮೇಶಪ್ಪ, ಹೋಳಿಗೆ ಮುರಿಯುತ್ತ. "ನೀ ಆತು, ನಿನ್ನ ಜ್ವಾಳದ ಚೀಲ ಆತು. ಬೀರಿನ ರುಚಿ ನೋಡಾಕ ನಾಲಿಗಿ ಬೇಕು."

ಪಂಕ್ತಿಯಲ್ಲಿ ನಾಲ್ಕು ಜನ ನಕ್ಕರು. ಶಂಭುಲಿಂಗ ಮಜ್ಜಿಗೆಯ ಲೋಟ ಕೆಳಗಿಟ್ಟ.

"ಪರಮೇಶಪ್ಪಾರ, ನನ್ನ ಮುಂದ ಬೀರಿನ ಸುದ್ದಿ ತಗೀಬ್ಯಾಡ್ರಿ. ಒಂದ ಗುಟುಕಿಗೆ ಯಾವ ಕಾಳು, ಯಾವ ಹೊಲದ್ದು ಅಂತ ಹೇಳ್ತೇನಿ."

ನಾನು ಅನ್ನ ಕಲಸುವುದನ್ನು ಬಿಟ್ಟು ಅವನನ್ನೇ ನೋಡಿದೆ. ಈ ಮನುಷ್ಯ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವನಲ್ಲ. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ, 'ಇದರಾಗ ಅದು ಐತಿ' ಎಂದು ವಾಪಸು ಕೊಟ್ಟವನು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಲಗೆನ್ನೆಯೊಳಗೆ ಸದಾ ಒಂದು ಅಡಿಕೆ ಹೋಳು. ಇಷ್ಟೇ ಅವನ ಭೋಗಭಾಗ್ಯ.

"ಹೌದೇನು?" ಎಂದರು ಪರಮೇಶಪ್ಪ. ಅವರ ಕಣ್ಣಿನಲ್ಲಿ ಏನೋ ಮಿಂಚಿತು. "ಹಂಗಾದ್ರ ರವಿವಾರ ಬಾ. ನಾಕು ಥರದ ಬೀರು ಅದಾವ. ನೀನ ಪರೀಕ್ಷಾ ಮಾಡು."

"ಬರ್ತೇನಿ. ಅದಕ್ಕೇನಂತ," ಎಂದ ಶಂಭುಲಿಂಗ.

ಭಾನುವಾರ ಅವನು ನನ್ನನ್ನೂ ಎಳೆದುಕೊಂಡು ಹೋದ. ಸ್ಕೂಟರು ನನ್ನದು, ಪೆಟ್ರೋಲೂ ನನ್ನದು. ಹಿಂದೆ ಕುಳಿತು ದಾರಿಯುದ್ದಕ್ಕೂ ಕೇಳಿದ್ದು ಒಂದೇ ಪ್ರಶ್ನೆ: "ಕಾಕಾ, ಅದು ಕಹಿ ಇರ್ತೈತೋ ಸಿಹಿ ಇರ್ತೈತೋ?"

ಕಾರ್ಖಾನೆಯೊಳಗೆ ಆಳೆತ್ತರದ ಉಕ್ಕಿನ ಹಂಡೆಗಳು ಸಾಲಾಗಿ ನಿಂತಿದ್ದವು. ಅಂಬಲಿ ಹುಳಿ ಬಂದಂತಹ ವಾಸನೆ. ಯಂತ್ರಗಳನ್ನು ನೋಡಿಕೊಳ್ಳುವವರು ಸವಣೂರಿನ ಇಂಜಿನಿಯರ್ ಮುಬಶೀರ. ಹಂಡೆಯ ಕಾವು, ತಂಪು, ನಲ್ಲಿ, ಗೋಡೆಯ ಕ್ಯಾಮೆರಾ ಎಲ್ಲ ಅವರ ಸುಪರ್ದಿಯಲ್ಲಿ. "ನಾ ಕುಡಿಯಂಗಿಲ್ರಿ," ಎಂದರು ಅವರು ಮೊದಲೇ. "ಮೀಟರ್ ಏನು ಹೇಳ್ತೈತಿ, ಅಷ್ಟ ಕೇಳ್ತೇನಿ. ರುಚಿ ಹೇಳಾಕ ತಮ್ಮಂಥವರು ಬೇಕು." ಹೀಗೆ ಹೇಳಿ ಶಂಭುಲಿಂಗನ ಕಡೆ ಭಕ್ತಿಯಿಂದ ನೋಡಿದರು. ಶಂಭುಲಿಂಗ ಒಂದು ಹಂಡೆಯನ್ನು ಬೆರಳಿನಿಂದ ಟಣ್ ಎಂದು ಬಡಿದು, "ಚಲೋ ಅದ," ಎಂದ. ಏನು ಚಲೋ ಇದೆ ಎಂದು ಯಾರೂ ಕೇಳಲಿಲ್ಲ.

ನಮ್ಮನ್ನು ಒಂದು ಟೇಬಲ್ಲಿಗೆ ಕೂರಿಸಿದರು. ಕಟ್ಟಿಗೆಯ ತಟ್ಟೆಯಲ್ಲಿ ನಾಲ್ಕು ಸಣ್ಣ ಗ್ಲಾಸು ಬಂದವು. ನಾಲ್ಕು ತಾಲೂಕಿನ ಹೆಸರು ಇಟ್ಟಿದ್ದರು ಪುಣ್ಯಾತ್ಮರು. ಹಾನಗಲ್ಲಿನ ಅಕ್ಕಿಯದು, ಹಿರೇಕೆರೂರಿನ ಗೋವಿನಜೋಳದ್ದು, ಶಿಗ್ಗಾಂವದ ಬಿಳಿಜೋಳದ್ದು. ನಾಲ್ಕನೆಯದು ಸವಣೂರಿನದು, ಅದರಲ್ಲಿ ಸವಣೂರಿನ ವೀಳ್ಯದೆಲೆ ಹಾಕಿ ಕುದಿಸಿದ್ದರಂತೆ. ಜೊತೆಗೆ ಕುರುಕಲಿಗೆ ಒಂದು ತಟ್ಟೆ ಸವಣೂರು ಖಾರ. ನಾನು ಖಾರದ ತಟ್ಟೆಯನ್ನು ನನ್ನ ಕಡೆಗೆ ಸರಿಸಿಕೊಂಡೆ.

ಪರಮೇಶಪ್ಪ ಎದುರಿಗೇ ಕುಳಿತರು, ಕೈಯಲ್ಲಿ ತಮ್ಮದೊಂದು ದೊಡ್ಡ ಗ್ಲಾಸು. ಅವರ ಅಕ್ಕನ ಮಗ ಫಕ್ಕೀರೇಶ ಬಾಗಿಲ ಹತ್ತಿರ ನಿಂತು ಮೊಬೈಲಿನಲ್ಲಿ ತನ್ನ ಮುಖವನ್ನು ತಾನೇ ಚಿತ್ರೀಕರಿಸುತ್ತಿದ್ದ. ಈ ಹುಡುಗನ ಬಗ್ಗೆ ಹೇಳಬೇಕು. ಮೊದಲು ಕೋಳಿ ಫಾರ್ಮ್ ಹಾಕಿದ, ಮುಚ್ಚಿದ. ಮೊಬೈಲ್ ಅಂಗಡಿ ಹಾಕಿದ, ಮುಚ್ಚಿದ. ಈಗ ಮಾವನ ಟ್ರ್ಯಾಕ್ಟರ್ ಮುಂದೆ ಕಪ್ಪು ಕನ್ನಡಕ ಹಾಕಿ ನಿಂತು ರೀಲು ಮಾಡುತ್ತಾನೆ. ಇವನ ತಾಯಿ ನಾಗವ್ವ, ಪರಮೇಶಪ್ಪನವರ ಅಕ್ಕ, ಹಿರೇಬೆಂಡಿಗೇರಿಯಿಂದ ವಾರಕ್ಕೊಮ್ಮೆ ಬಂದು, 'ನಿನ್ನ ಮಗಳು ಸುಜಾತಾನ್ನ ನನ್ನ ಮಗಗ ಕೊಡು' ಎಂದು ತಮ್ಮನ ತಲೆ ತಿನ್ನುತ್ತಿದ್ದಳು. ಪರಮೇಶಪ್ಪ ಒಲ್ಲೆ ಅನ್ನಲಾರರು, ಅಕ್ಕ. ಆಗಲಿ ಅನ್ನಲಾರರು, ಮಗಳು. ಹುಡುಗನಿಗೆ ಬೇರೆ ಕಡೆ ಗಂಟು ಬಿದ್ದರೆ ಸಾಕು ಎಂದು ಕಾಯುತ್ತಿದ್ದರು. ಇದು ಊರಿಗೆಲ್ಲ ಗೊತ್ತು. ಶಂಭುಲಿಂಗನಿಗೂ ಗೊತ್ತಿರಬೇಕಿತ್ತು.

ಮೊದಲ ಗ್ಲಾಸು ಹಾನಗಲ್. ಶಂಭುಲಿಂಗ ಬಾಯಿಗೆ ಸೋಕಿಸಿದ. ಅವನ ಕಣ್ಣಿನಲ್ಲಿ ನೀರು ಬಂತು. ಟವೆಲ್ಲಿನಿಂದ ಬಾಯಿ ಒರೆಸಿದ, ಬಹಳ ಹೊತ್ತು ಒರೆಸಿದ. ಟವೆಲ್ಲು ಹಸಿಯಾಯಿತು, ಗ್ಲಾಸು ಖಾಲಿಯಾಯಿತು.

"ಭತ್ತ ಹೊಸಾದು," ಎಂದ. "ಇನ್ನೂ ಎರಡು ದಿನ ಒಣಗಬೇಕಿತ್ತು."

ಮುಬಶೀರ ಬೆರಗಾದರು. ಎರಡನೆಯ ಗ್ಲಾಸು ಮೇಜಿನ ಮೇಲೆ ಜಾರುತ್ತಾ ಜಾರುತ್ತಾ ನನ್ನ ಮೊಣಕೈಗೆ ಬಂದು ತಾಗಿತು. ಅದು ಏನಾಯಿತು ಎಂದು ನಾನು ಹೇಳುವುದಿಲ್ಲ. ಭಾನುವಾರವೆಂದರೆ ಭಾನುವಾರ. ಮೂರನೆಯದನ್ನು ಹಿಡಿದುಕೊಂಡು ಶಂಭುಲಿಂಗ ಕಿಟಕಿಯ ಬಳಿಯ ಹೂಕುಂಡದ ತನಕ ಅಡ್ಡಾಡಿ ಬಂದ. ಬರುವಾಗ ಗ್ಲಾಸು ಬರಿದಾಗಿತ್ತು. "ಜ್ವಾಳದಾಗ ಒಂಚೂರು ಮಣ್ಣು ಉಳದೈತಿ," ಎಂದ. ಆ ಮಾತು ನಿಜವೇ, ಹೂಕುಂಡದಲ್ಲಿ ಮಣ್ಣೇ ಇತ್ತು.

ಆಗ ಪರಮೇಶಪ್ಪ ಎದ್ದು ನಿಂತರು. ನಾಲ್ಕನೆಯ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ಅವರ ಧ್ವನಿ ಬದಲಾಗಿತ್ತು.

"ಇದು ಸವಣೂರು ಎಲಿ. ಮನಿತನಕ್ಕ ಮನಿತನ ಕೂಡಲಿ ಅಂತ ಕೊಡಾಕತ್ತೇನಿ. ಹಿಡಿ ಶಂಭು."

ಶಂಭುಲಿಂಗ ಹಿಡಿದ. ಕುಡಿಯುವುದನ್ನು ನೋಡಲು ಪರಮೇಶಪ್ಪ, ಮುಬಶೀರ ಇಬ್ಬರೂ ಕಣ್ಣು ನೆಟ್ಟಿದ್ದರು. ಟವೆಲ್ಲು ಆಗಲೇ ತೊಟ್ಟಿಕ್ಕುತ್ತಿತ್ತು. ಹೂಕುಂಡ ದೂರ. ನಾನು ಎರಡನೆಯ ಗ್ಲಾಸಿನ ನಂತರ ಖಾರದ ತಟ್ಟೆಯಲ್ಲಿ ತಲೆ ಹಾಕಿದವನು ಮೇಲೆತ್ತಿರಲಿಲ್ಲ. ಅಷ್ಟರಲ್ಲಿ ಪರಮೇಶಪ್ಪ ಬಾಗಿಲ ಕಡೆ ತಿರುಗಿ, "ಏ ಫಕ್ಕೀರೇಶಾ, ಬಾರೋ ಇಲ್ಲೆ! ಮುಬಶೀರ, ಅವನ್ನ ಕರಕೊಂಬಾ!" ಎಂದು ಕೂಗಿದರು. ಮತ್ತೆ ಈ ಕಡೆ ತಿರುಗಿದಾಗ ಶಂಭುಲಿಂಗನ ಗ್ಲಾಸು ಖಾಲಿ.

"ಭೇಷ್!" ಎಂದು ಪರಮೇಶಪ್ಪ ಟೇಬಲ್ ಕುಟ್ಟಿ, ತಮ್ಮ ಗ್ಲಾಸನ್ನೂ ಎತ್ತಿ ಗಟಗಟ ಕುಡಿದು ಮೀಸೆ ಒರೆಸಿಕೊಂಡರು. "ಎಲಿ ಹಿಡದಿ, ಬಾಯಿಗೂ ಹಾಕ್ಕೊಂಡಿ. ಮುಗೀತಪಾ! ನಿನ್ನ ಮಗಳು ತನುಜಾ, ನಮ್ಮಕ್ಕನ ಮಗ ಫಕ್ಕೀರೇಶ. ಇವತ್ತಿಗೆ ಗೊತ್ತಾದಂಗ! ನಾಳೆ ಹಿರಿಯರನ್ನ ಕೂಡಸ್ತೇನಿ!"

ಶಂಭುಲಿಂಗ ಗಾಬರಿಯಿಂದ ಬಾಯಿಯೊಳಗಿನ ಅಡಿಕೆಯನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ಹೊರಳಿಸಿದ. ಹಾಗೆ ಹೊರಳಿಸುವಾಗ ಅವನ ತಲೆ ಅಲ್ಲಾಡುತ್ತದೆ. ಎಲ್ಲರೂ ಅದನ್ನು ಒಪ್ಪಿಗೆ ಎಂದುಕೊಂಡರು.

ನಮ್ಮ ಕಡೆ ಇದು ಹುಡುಗಾಟದ ಮಾತಲ್ಲ. ಮದುವೆಗೆ ಬಾಜಾ ಬಜಂತ್ರಿಯವರನ್ನು ಹೇಳಿ ಬರುವುದು ಎಲೆ ಅಡಿಕೆ ಕೊಟ್ಟೇ. ಅಡುಗೆಯವರಿಗೂ ಎಲೆ ಅಡಿಕೆ. ಹೆಣ್ಣು ಗಂಡು ಗೊತ್ತು ಮಾಡುವಾಗಲೂ ಹಿರಿಯರ ಕೈಯಿಂದ ಎಲೆ ಅಡಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರೆ ಮಾತು ಮುಗಿಯಿತು. ಮುರಿದವನ ಜೊತೆ ಪೇಟೆಯಲ್ಲಿ ಯಾರೂ ವ್ಯವಹಾರ ಮಾಡುವುದಿಲ್ಲ. ಇದು ದಿವಾನಜಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸುದ್ದಿ ನಮ್ಮ ಸ್ಕೂಟರಿಗಿಂತ ಮುಂದೆ ಓಣಿ ಮುಟ್ಟಿತ್ತು. ಕಟ್ಟೆಯ ಮೇಲೆ ಇಮಾಮಬಿ ಮೊಬೈಲ್ ಹಿಡಿದು ನಿಂತಿದ್ದಳು. ಅವಳು ನಮ್ಮ ಓಣಿಯ ಟೇಲರ್. ಊರಿನ ಅಳತೆಯೆಲ್ಲ ಅವಳ ಹತ್ತಿರ ಇದೆ.

"ಅಣ್ಣಾರ, ಇದೇನ್ರಿ ಇದು?" ಎಂದು ಮೊಬೈಲನ್ನು ನಮ್ಮ ಮುಖಕ್ಕೆ ಹಿಡಿದಳು. ಫಕ್ಕೀರೇಶ ಕಪ್ಪು ಕನ್ನಡಕದಲ್ಲಿ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದ. ಕೆಳಗೆ ಎರಡು ಉಂಗುರದ ಚಿತ್ರ, ತನುಜಾಳ ಹೆಸರು. "ಆಗಲೇ ನನಗ ಜಂಪರ್ ಹೊಲಿಯಾಕ ಹಿರೇಬೆಂಡಿಗೇರಿಯಿಂದ ಫೋನ್ ಬಂತು!"

ಮನೆಯೊಳಗೆ ನೀಲವ್ವ ಸೌಟು ಹಿಡಿದು ನಿಂತಿದ್ದಳು. ತನುಜಾ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. ಹುಡುಗಿಗೆ ಧಾರವಾಡದಲ್ಲಿ ಕೃಷಿ ಎಮ್ಮೆಸ್ಸಿ ಸೀಟು ಸಿಕ್ಕಿತ್ತು. ಮರುದಿನ ಸೋಮವಾರ ಬೆಳಗಿನ ಬಸ್ಸಿಗೆ ಹೋಗಬೇಕು, ಅಂದೇ ಹಾಜರಾಗದಿದ್ದರೆ ಸೀಟು ಇನ್ನೊಬ್ಬರಿಗೆ.

"ಕುಡದು ಬಂದ್ರೇನು?" ಎಂದಳು ನೀಲವ್ವ. "ಲಿಂಗ ಕಟಗೊಂಡ ಕೊರಳಾಗ ಅದನ್ನ ಇಳಿಸಿದ್ರೇನು? ಅದೂ ಹೋಗ್ಲಿ, ಮಗಳನ್ನ ಗ್ಲಾಸಿನ್ಯಾಗ ಹಾಕಿ ಕೊಟ್ಟು ಬಂದ್ರಲ್ಲ!"

ತನುಜಾ ಬ್ಯಾಗಿನ ಜಿಪ್ ಎಳೆಯುವುದನ್ನು ನಿಲ್ಲಿಸಿದಳು. "ದೊಡ್ಡಪ್ಪ ಫೋನ್ ಮಾಡಿದ್ರು. ಮದಿವಿ ಆಗೂ ಹುಡುಗಿ ಧಾರವಾಡಕ್ಕ ಯಾಕ ಹೋಗಬೇಕು, ಬ್ಯಾಡ ಅಂದ್ರು. ಅಪ್ಪಾ, ಖರೇ ಹೇಳು. ಆ ನಾಕನೇ ಗ್ಲಾಸು ನೀ ಕುಡದ್ಯೋ ಇಲ್ಲೋ?"

ಹುಡುಗಿಯ ಕಣ್ಣು ತುಂಬಿತ್ತು. ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಶಂಭುಲಿಂಗ ನನ್ನ ಕಡೆ ನೋಡಿದ. ಬಾಗಿಲಲ್ಲಿ ಇಮಾಮಬಿ, ಅವಳ ಹಿಂದೆ ಅರ್ಧ ಓಣಿ ನಿಂತಿತ್ತು.

"ನಾಕೂ ಕುಡದೇನಿ," ಎಂದ. "ನನಗೇನು ಬೀರು ಹೊಸದೇನು?"

ನೀಲವ್ವ ಸೌಟು ನೆಲಕ್ಕೆ ಬಡಿದು ಅಡುಗೆಮನೆಗೆ ಹೋದಳು. ತನುಜಾ ಬ್ಯಾಗಿನ ಮೇಲೆ ಕುಸಿದು ಕುಳಿತಳು. ನಾನು ಶಂಭುಲಿಂಗನ ತೋಳು ಹಿಡಿದು ಹಿತ್ತಲಿಗೆ ಎಳೆದೆ.

"ಹುಚ್ಚಾ! ನೀ ಒಂದ ಹನಿನೂ ಕುಡದಿಲ್ಲ!"

"ಮೆಲ್ಲಕ ಮಾತಾಡ್ರಿ ಕಾಕಾ."

"ನಾಕನೇದು ಏನು ಮಾಡಿದಿ?"

"ಅದನ್ನ ಕೇಳಬ್ಯಾಡ್ರಿ," ಎಂದ. 

"ಮತ್ತ ಒಳಗ ಹೋಗಿ ಹೇಳು!"

"ಹೆಂಗ ಹೇಳಲಿ? ಚಿಕ್ಕೇರೂರಾಗ ಅಷ್ಟು ಮಂದಿ ಮುಂದ ನಾಲಿಗಿ ಸುದ್ದಿ ಹೇಳೇನಿ. ನಾಳೆ ಪ್ಯಾಟಿಯೊಳಗ ಹಮಾಲರು ಸುದ್ದಾ ನಗ್ತಾರ." ಅವನು ಹಸಿ ಟವೆಲ್ಲನ್ನು ಹಿಂಡಿದ. "ಏನರ ಹಾದಿ ಸಿಗ್ತದ. ನಾಳೆ ಹಿರಿಯರು ಕೂಡ್ತಾರಲ್ಲ, ಬೀರಿನ್ಯಾಗಿನ ಎಲಿ ಎಲಿ ಅಲ್ಲ ಅಂತ ಅವರ ಹೇಳ್ತಾರ."

ಕುಡುಕ ಅನ್ನಿಸಿಕೊಂಡೇನು, ದಡ್ಡ ಅನ್ನಿಸಿಕೊಳ್ಳಲಾರೆ ಎನ್ನುವ ಇಂಥ ಮಹಾಪುರುಷರು ನಮ್ಮ ತಾಲೂಕಿನಲ್ಲಿ ಹುಟ್ಟುತ್ತಾರೆ. ಅವರ ಪಕ್ಕದ ಮನೆ ನನಗೆ ಸಿಗುತ್ತದೆ.

ಸೋಮವಾರ ಬೆಳಿಗ್ಗೆ ಹಿರಿಯರು ಸೇರಿದ್ದು ಕಾರ್ಖಾನೆಯಲ್ಲೇ. ಎಲೆ ಹಿಡಿದ ಜಾಗದಲ್ಲಿಯೇ ಮಾತು ಆಗಬೇಕು ಎಂದು ಹಿರೇಕೆರೂರಿನ ನಾಗಪ್ಪಜ್ಜ ಹಟ ಹಿಡಿದರು. ಎರಡೂ ಮನೆಯ ಸಂಬಂಧಗಳನ್ನು ಕುದುರಿಸಿ ಕಟ್ಟಿದ ಹಿರಿಯರು ಅವರು; ಅವರ ಮಾತು ದಾಟುವವರಿಲ್ಲ. ನಾಗವ್ವ ಹಿರೇಬೆಂಡಿಗೇರಿಯಿಂದ ಸೀರೆ, ತೆಂಗಿನಕಾಯಿ, ಸಕ್ಕರೆ ಪೊಟ್ಟಣ ಸಮೇತ ಬಂದಿಳಿದಳು. ತನುಜಾ ತನ್ನ ಬ್ಯಾಗನ್ನು ಕುರ್ಚಿಯ ಕೆಳಗೆ ಇಟ್ಟುಕೊಂಡು ಹೆದ್ದಾರಿಯ ಕಡೆ ನೋಡುತ್ತಿದ್ದಳು. ಧಾರವಾಡದ ಬಸ್ಸು ಕಾರ್ಖಾನೆಯ ಮುಂದೆಯೇ ಹಾದು ಹೋಗುವುದು. ನನ್ನ ಕಣ್ಣು ಗಡಿಯಾರದ ಮೇಲೆ, ಅಭ್ಯಾಸಬಲ.

"ಮೊದಲ ಒಂದು ಮಾತು," ಎಂದರು ನಾಗಪ್ಪಜ್ಜ. "ಎಲಿ ಕೈಯಾಗ ಯಾರ ಬೇಕಾದ್ರೂ ಹಿಡೀತಾರ. ಬಾಯಿಗೆ ಹಾಕ್ಕೊಂಡವ ಒಪ್ಪಿದಂಗ. ಹೌದೋ ಅಲ್ಲೋ?"

"ಹೌದ್ರಿ ಅಜ್ಜಾರ, ಲಾಖ್ ಮಾತು!" ಎಂದರು ಪರಮೇಶಪ್ಪ. "ಗ್ಲಾಸು ಖಾಲಿ ಆಗಿದ್ದನ್ನ ನಾನ ನೋಡೇನಿ."

"ಆದ್ರ ಅದರಾಗ ಎಲಿ ಇತ್ತೇನು? ಬರೇ ನೀರಿತ್ತಲ್ಲ," ಎಂದ ಶಂಭುಲಿಂಗ, ಕ್ಷೀಣ ಧ್ವನಿಯಲ್ಲಿ.

ಎಲೆಯ ವಿಷಯಕ್ಕೆ ಸಾಕ್ಷಿಯಾಗಿ ಸವಣೂರಿನ ಎಲೆ ವ್ಯಾಪಾರಿ ಉಸ್ಮಾನಸಾಬರನ್ನು ಕರೆಸಿದ್ದರು. ಅವರು ಒಳಗೆ ಕಾಲಿಟ್ಟವರೇ ಹಂಡೆಗಳನ್ನು ನೋಡಿ ಹೌಹಾರಿದರು. "ತೋಬಾ ತೋಬಾ! ನನ್ನ ಎಲಿ ಇದಕ್ಕ ಬರ್ತಿತ್ತೇನ್ರಿ? ಇಷ್ಟು ಎಲಿ ಯಾಕ ಅಂತ ಕೇಳಿದ್ರ, ಶುಭಕಾರ್ಯಕ್ಕ ಅಂದಿದ್ರಿ!"

"ಕೇಳಿದ್ರೆಲ್ಲೋ!" ಪರಮೇಶಪ್ಪ ಜಿಗಿದೆದ್ದರು. "ಅವರ ಬಾಯಿಲೇ ಬಂತು. ಶುಭಕಾರ್ಯಕ್ಕಂತನ ತಂದ ಎಲಿ!"

ಉಸ್ಮಾನಸಾಬರು ತಲೆಗೆ ಕೈ ಹಚ್ಚಿ ಕುಳಿತರು. ನಾಗಪ್ಪಜ್ಜ ಅವರನ್ನು ಕೇಳಿದರು: "ಸಾಹೇಬ್ರ, ಕುದಿಸಿದ ಎಲಿ ಎಲಿನ ಹೌದೋ ಅಲ್ಲೋ?"

"ನಮ್ಮ ತ್ವಾಟದ ಎಲಿ ಕುದಿಸಿದ್ರೂ ಎಲಿನ, ಅರದ್ರೂ ಎಲಿನ," ಎಂದುಬಿಟ್ಟರು ಉಸ್ಮಾನಸಾಬರು. ಎಲೆಯ ಮರ್ಯಾದೆ ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ.

ಶಂಭುಲಿಂಗನ ಮೊದಲನೆಯ ಹಾದಿ ಮುಚ್ಚಿತು. ಆಗ ನೀಲವ್ವ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು. "ಅಡಿಕಿ ಎಲ್ಲೈತಿ? ಬರೇ ಎಲಿಗೆ ಯಾರು ಗೊತ್ತು ಮಾಡ್ತಾರ? ಅಡಿಕಿ ಇಲ್ಲದ ಎಲಿ ಆಡು ತಿಂತೈತಿ."

ಸಭೆಯಲ್ಲಿ ಗುಸುಗುಸು ಎದ್ದಿತು. ನಾಗಪ್ಪಜ್ಜ ಗಡ್ಡ ಕೆರೆದುಕೊಂಡರು. "ಈ ಮಾತಿನ್ಯಾಗ ತೂಕ ಐತಿ."

ಪರಮೇಶಪ್ಪ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. "ಶಂಭುನ ಬಾಯಾಗ ಅಡಿಕಿ ಇಲ್ಲದ ದಿನ ಇಲ್ಲಿ ಯಾರಾದ್ರೂ ನೋಡೀರೇನು? ಎಲಿ ನಂದು, ಅಡಿಕಿ ಅವಂದು. ಬಾಯಾಗ ಎರಡೂ ಕೂಡ್ಯಾವ. ಶಂಭು, ಬಾಯಿ ತಗಿ."

ಶಂಭುಲಿಂಗ ಬಾಯಿ ತೆರೆದ. ಬಲಗೆನ್ನೆಯಲ್ಲಿ ಅಡಿಕೆ ಕುಳಿತಿತ್ತು, ದುಂಡಗೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅಡಿಕೆಗೆ ಮಗಳೇ ಹೋಗುವ ಹಾಗಿತ್ತು.

"ಮತ್ತ ಸುಣ್ಣ?" ಎಂದೆ ನಾನು, ಮುಳುಗುವವನಿಗೆ ಹುಲ್ಲುಕಡ್ಡಿ ಎಸೆದಂತೆ.

"ಕಂಡಕ್ಟರ್ರ, ಶಿಗ್ಗಾಂವದ ಬೋರಿನ ನೀರು ನೀವು ಕುಡದಿಲ್ಲೇನು? ಕೊಡದ ತಳದಾಗ ಗೋಡಿ ಬಳಿಯೂವಷ್ಟು ಸುಣ್ಣ ಸಿಗ್ತೈತಿ. ಅದ ನೀರಿನ್ಯಾಗ ಬೀರು ಕುದಿಸೇವಿ."

ಎಲ್ಲರೂ ಹೌದೌದೆಂದರು. ಬೋರಿನ ನೀರಿನ ವಿಷಯದಲ್ಲಿ ನಮ್ಮೂರಿನಲ್ಲಿ ಭಿನ್ನಾಭಿಪ್ರಾಯ ಇಲ್ಲ. ಎಲೆ, ಅಡಿಕೆ, ಸುಣ್ಣ ಮೂರೂ ಕೂಡಿದವು. ನಾಗವ್ವ ಸಕ್ಕರೆಯ ಪೊಟ್ಟಣ ಬಿಚ್ಚತೊಡಗಿದಳು. ಫಕ್ಕೀರೇಶ ಮೊಬೈಲ್ ಎತ್ತಿ ಹಿಡಿದ. ಗಡಿಯಾರದ ಮುಳ್ಳು ಬಸ್ಸಿನ ಹೊತ್ತಿಗೆ ಹತ್ತಿರ ಬಂದಿತ್ತು.

"ತಡೀರಿ," ಎಂದಳು ತನುಜಾ.  "ಮುಬಶೀರ್ ಸರ್, ಆ ಟೇಬಲ್ ಮ್ಯಾಲ ಕ್ಯಾಮೆರಾ ಐತಲ್ರಿ? ತೋರಸ್ರಿ. ಅಪ್ಪ ಕುಡದದ್ದು ನನ್ನ ಕಣ್ಣಾರೆ ನೋಡಿದ್ರ ನಾ ಬ್ಯಾಗ್ ಬಿಚ್ಚಿಡ್ತೇನಿ."

"ಬ್ಯಾಡ!" ಎಂದು ಶಂಭುಲಿಂಗ ಕಿರುಚಿದ. ಎಲ್ಲರೂ ಅವನನ್ನೇ ನೋಡಿದರು.

"ತೋರಸಪಾ ತೋರಸು," ಎಂದರು ಪರಮೇಶಪ್ಪ ಉತ್ಸಾಹದಿಂದ. "ಸಾಕ್ಷಿ ಬೇಕಲ್ಲ? ಇಡೀ ಊರು ನೋಡ್ಲಿ."

ಗೋಡೆಯ ದೊಡ್ಡ ಟಿವಿಯಲ್ಲಿ ಭಾನುವಾರ ಮೂಡಿತು. ನಾವು ಮೂವರೂ ಮೇಲಿನಿಂದ ಕಾಣುತ್ತಿದ್ದೆವು. ನನ್ನ ತಲೆಯ ನಡುವೆ ಅಷ್ಟು ಬೋಳಾಗಿದೆಯೆಂದು ನನಗೆ ಅಂದೇ ತಿಳಿದದ್ದು. ಶಂಭುಲಿಂಗ ಓಡಿ ಹೋಗಿ ಟಿವಿಗೆ ಅಡ್ಡ ನಿಂತ. ಮೊದಲ ಗ್ಲಾಸು ಅವನ ಬೆನ್ನ ಹಿಂದೆ ಎಲ್ಲೋ ಟವೆಲ್ಲಿಗೆ ಹೋಗುತ್ತಿತ್ತು.

"ಸರೀರಿ," ಎಂದರು ನಾಗಪ್ಪಜ್ಜ.

ಅವನು ಸರಿಯಲಿಲ್ಲ. ತನುಜಾ ಎದ್ದು ಅವನ ಎದುರಿಗೆ ಬಂದು ನಿಂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೊರಗೆ ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು. ನನಗೆ ಗೊತ್ತು ಆ ಹಾರ್ನು, ಬಂಕಾಪುರ ಚೌಕದ ಕಡೆಯಿಂದ ಬರುವುದು.

"ನಾ ಕುಡದಿಲ್ಲ!" ಎಂದ ಶಂಭುಲಿಂಗ.

ನಾಗವ್ವ ಬಿಚ್ಚುತ್ತಿದ್ದ ಸಕ್ಕರೆಯ ಪೊಟ್ಟಣವನ್ನು ಮತ್ತೆ ಮಡಚಿದಳು.

"ಒಂದ ಹನಿ ಕುಡದಿಲ್ಲ! ನಾಕರಾಗ ಒಂದೂ ಕುಡದಿಲ್ಲ! ಹುಟ್ಟಿದಾಗಿಂದ ಕುಡದಿಲ್ಲ! ಬೀರು ಹೆಂಗಿರ್ತದ ಅನ್ನೂದು ಈ ಶಂಭುಲಿಂಗಗ ಕನಸಿನ್ಯಾಗೂ ಕಂಡಿಲ್ಲ! ನಾ ಹೇಳಿದ್ದೆಲ್ಲಾ ಬಡಾಯಿ! ನಗ್ರಿ, ಎಲ್ಲಾರೂ ನಗ್ರಿ!"

ಅಡುಗೆಮನೆಯ ದೇವರ ಮುಂದೆ ನಿಂತಂತೆ ನೀಲವ್ವ ಕೈ ಮುಗಿದಳು. ಆದರೆ ಯಾರೂ ನಗಲಿಲ್ಲ, ಯಾಕೆಂದರೆ ಯಾರೂ ನಂಬಲಿಲ್ಲ.

"ಸುಳ್ಳ!" ಎಂದು ಗುಡುಗಿದರು ಪರಮೇಶಪ್ಪ. "ಮಗಳನ್ನ ಉಳಸಾಕ ಸುಳ್ಳು ಹೇಳಾಕತ್ತಾನ. ಖಾಲಿ ಗ್ಲಾಸು ನಾ ನೋಡಿಲ್ಲೇನು? ಅದರಾಗಿನ ಬೀರು ಎಲ್ಲಿ ಹೋತು, ಆವಿ ಆತೇನು? ಹಾಕೋ ಮುಬಶೀರ, ನಾಕನೇದು ಹಾಕು!"

ಟಿವಿಯಲ್ಲಿ ಎರಡನೆಯ ಗ್ಲಾಸು ಬಂದಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಮೂರನೆಯದಕ್ಕೆ ಹೂಕುಂಡ ಸಾಕ್ಷಿಯಾಯಿತು. ಗಿಡ ಆಗಲೇ ಬಾಡಿ ನಿಂತಿತ್ತು. ನಾಲ್ಕನೆಯದು ಬಂತು. ಪರಮೇಶಪ್ಪ ಟೇಬಲ್ಲಿನ ಮೇಲೆ ತಮ್ಮ ಗ್ಲಾಸಿಟ್ಟು, ಎರಡೂ ಕೈಯಿಂದ ಎಲೆಯ ಬೀರು ಕೊಟ್ಟರು. ಶಂಭುಲಿಂಗ ಹಿಡಿದ. ಪರಮೇಶಪ್ಪ ಬಾಗಿಲ ಕಡೆ ತಿರುಗಿ ಕೂಗಿದರು. ಟಿವಿಯಲ್ಲಿನ ಶಂಭುಲಿಂಗ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಆಮೇಲೆ ತನ್ನ ಗ್ಲಾಸನ್ನು ಬಗ್ಗಿಸಿ ಅಷ್ಟನ್ನೂ ಪರಮೇಶಪ್ಪನವರ ದೊಡ್ಡ ಗ್ಲಾಸಿಗೆ ಸುರಿದ.

ಟಿವಿಯಲ್ಲಿನ ಪರಮೇಶಪ್ಪ ತಿರುಗಿದರು. ಭೇಷ್ ಎಂದು ಟೇಬಲ್ ಕುಟ್ಟಿದರು. ತಮ್ಮ ಗ್ಲಾಸು ಎತ್ತಿದರು. ತಳ ಕಾಣುವ ತನಕ ಕುಡಿದು ಮೀಸೆ ಒರೆಸಿಕೊಂಡರು.

ಮುಬಶೀರ ಚಿತ್ರ ನಿಲ್ಲಿಸಿದರು. ಹಂಡೆಯೊಳಗೆ ಎಲ್ಲೋ ಗುಳುಗುಳು ಎಂದಿತು.

ನಾಗಪ್ಪಜ್ಜ ನಿಧಾನವಾಗಿ ಗಂಟಲು ಸರಿಪಡಿಸಿಕೊಂಡರು. "ಕೈಯಾಗ ಹಿಡದವ ಅಲ್ಲ, ಬಾಯಿಗೆ ಹಾಕ್ಕೊಂಡವ ಒಪ್ಪಿದಂಗ. ಈ ಮಾತು ಮೊದಲ ಆಗೈತಿ. ಫಕ್ಕೀರೇಶನ ಕಡೆಯ ಎಲಿ ಬಾಯಿಗೆ ಹಾಕ್ಕೊಂಡವ್ರು..." ಅವರು ಪರಮೇಶಪ್ಪನವರ ಕಡೆ ತಿರುಗಿದರು. "ನೀವಽ ಅದೀರಿ."

"ಅಂದ್ರ?" ಎಂದರು ಪರಮೇಶಪ್ಪ.

ಅಂದರೆ ಏನೆಂದು ಹೇಳಲು ನಾಗವ್ವ ಇದ್ದಳು. ಸಕ್ಕರೆಯ ಪೊಟ್ಟಣ ಎದೆಗೊತ್ತಿ ಎದ್ದು ನಿಂತಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ತಮ್ಮಾ! ಅಂತೂ ನನ್ನ ಮಗನ ಎಲಿ ಹಿಡದೆಲ್ಲೋ ನನ್ನಪ್ಪಾ! ಸುಜಾತಾ ನನ್ನ ಸೊಸಿ ಆದ್ಲು!"

"ಏ ಅಕ್ಕಾ, ಹುಚ್ಚೀ ಏನು ನೀನು? ಅದು ಬೀರು!"

"ಕುದಿಸಿದ್ರೂ ಎಲಿನ, ಅರದ್ರೂ ಎಲಿನ! ಸಾಹೇಬ್ರು ಈಗ ಹೇಳಿಲ್ಲೇನು?"

ಉಸ್ಮಾನಸಾಬರು ಈ ಸಲ ಬಹಳ ಸಂತೋಷದಿಂದ ತಲೆಯಾಡಿಸಿದರು.

"ಅಡಿಕಿ ಇಲ್ಲ! ಅಡಿಕಿ ಎಲ್ಲಿತ್ತು?" ಎಂದರು ಪರಮೇಶಪ್ಪ. ಹೇಳುವಾಗ ಬಾಯಿಯಿಂದ ಅವರದೇ ಅಡಿಕೆ ಹೋಳು ಹಾರಿ ನಾಗಪ್ಪಜ್ಜನ ಕಾಲ ಬಳಿ ಬಿತ್ತು. ಷಡ್ಡಕರಿಬ್ಬರಿಗೂ ಅದೊಂದು ಚಟ ಸಮಾನ.

ನೀಲವ್ವ ಬಗ್ಗಿ ನೋಡಿ, "ಐತಲ್ರಿ ಭಾವಾರ," ಎಂದಳು.

"ಸುಣ್ಣಕ್ಕೇನು, ಬೋರಿನ ನೀರು," ಎಂದೆ ನಾನು. ಜೀವನದಲ್ಲಿ ಇಷ್ಟು ರುಚಿಯಾದ ಮಾತು ಆಡಿರಲಿಲ್ಲ.

ಫಕ್ಕೀರೇಶ ಮೊಬೈಲ್ ತೆಗೆದು ಹಳೆಯ ರೀಲು ಅಳಿಸಿ ಹೊಸದಕ್ಕೆ ಕನ್ನಡಕ ಹಾಕಿಕೊಳ್ಳುತ್ತಿದ್ದ. ಅದನ್ನು ಕಂಡು ಪರಮೇಶಪ್ಪನವರಿಗೆ ಬೆವರು ಕಿತ್ತುಬಂತು. ಅವರು ಹೋಗಿ ನಾಗಪ್ಪಜ್ಜನ ಎರಡೂ ಕಾಲು ಹಿಡಿದರು.

"ಅಜ್ಜಾರ, ಬೀರು ಕುಡದ್ರ ವೀಳ್ಯ ಆಗ್ತೈತೇನ್ರಿ? ಎಲ್ಲಿಯ ಪದ್ಧತಿ ಇದು? ಹಿಂಗಾದ್ರ ರವಿವಾರಕ್ಕೊಮ್ಮಿ ಊರಿಗೆ ಊರ ಬೀಗರಾಗ್ತದ! ಬೀರಿನ್ಯಾಗಿನ ಎಲಿ ಎಲಿ ಅಲ್ರಿ, ಬರೇ ಸೊಪ್ಪು!"

"ಇದ ಮಾತು ಶಂಭುಲಿಂಗ ಮೊದಲ ಹೇಳಿದಾಗ?" ಎಂದರು ನಾಗಪ್ಪಜ್ಜ.

"ಆವಾಗ ನನಗ ತಿಳೀಲಿಲ್ರಿ!"

"ಹಂಗಾದ್ರ ತನುಜಾನ ಮಾತೂ ಇಲ್ಲ?"

"ಇಲ್ರಿ, ಇಲ್ಲ! ಯಾರ ಮಾತೂ ಇಲ್ಲ!"

ನಾಗವ್ವ ತಮ್ಮನ ಮೇಲೆ ಮಳೆಗರೆದ ಮಾತುಗಳನ್ನು ಮುದ್ರಿಸುವಂತಿಲ್ಲ. ಮುಬಶೀರ ಸದ್ದಿಲ್ಲದೆ ಬೋರ್ಡಿನ ಮೇಲಿಂದ ನಾಲ್ಕನೆಯ ಬೀರಿನ ಹೆಸರು ಒರೆಸಿ ಹಾಕಿದರು. ನಾನು ತನುಜಾಳ ಬ್ಯಾಗು ಎತ್ತಿಕೊಂಡು ಹೊರಗೆ ಓಡಿದೆ. ಬಸ್ಸು ಬರುತ್ತಿತ್ತು. ರಸ್ತೆಯ ಅಂಚಿಗೆ ನಿಂತು ಕೈ ಅಡ್ಡ ಹಿಡಿದೆ. ಅಲ್ಲಿ ಸ್ಟಾಪು ಇಲ್ಲ, ಆದರೆ ಹಳೆಯ ಕಂಡಕ್ಟರನ ಕೈಗೆ ಇನ್ನೂ ಬಸ್ಸು ನಿಲ್ಲುತ್ತದೆ.

ತನುಜಾ ಹತ್ತಿದಳು. ಶಂಭುಲಿಂಗ ಹಿಂದಿನಿಂದ ಏದುಸಿರು ಬಿಡುತ್ತಾ ಓಡಿ ಬಂದ. ಕಿಟಕಿಯಿಂದ ಹುಡುಗಿ ಮುಖ ಹೊರಹಾಕಿದಳು. ಅತ್ತ ಕಣ್ಣು ಇನ್ನೂ ಕೆಂಪಗೇ ಇತ್ತು, ಆದರೆ ತುಟಿಯ ಮೂಲೆಯಲ್ಲಿ ಕೀಟಲೆ.

"ಅಪ್ಪಾ, ಆ ಎಲಿ ಬೀರಿನ ರುಚಿ ಹೆಂಗಿತ್ತು?"

ಶಂಭುಲಿಂಗ ಹಳೆಯ ಚಾಳಿಯಂತೆ ಎದೆ ಉಬ್ಬಿಸಿ ಬಾಯಿ ತೆರೆದ. ಅಡಿಕೆ ಬಲಗೆನ್ನೆಯಿಂದ ಎಡಗೆನ್ನೆಗೆ ಹೊರಳಿತು. 

"ಗೊತ್ತಿಲ್ಲವಾ," ಎಂದ ಅವನು.

ನಾನು ಬಸ್ಸಿನ ಬೆನ್ನಿಗೆ ಎರಡು ಏಟು ಬಡಿದು "ರೈಟ್!" ಎಂದೆ.